ಓದುಗರ ಪ್ರಶ್ನೆ: ಮೇಜಿನ ಮೇಲಿನ ಹಾಯಿ ಹಡಗಿಗೆ ಗಾಳಿ ಎಲ್ಲಿಂದ?

ಹೋದ ಸಂಚಿಕೇಲಿ ಪುಟಾಣಿ ಹಾಯಿ ಹಡಗು ಇಟ್ಕೊಂಡು ಮೇಜಿನ ಮೇಲೆ ಆಡೋ ಸಮುದ್ರ ಯುದ್ಧದ ಆಟದ ಬಗ್ಗೆ ಬರೆದಿದ್ವಿ. ಮೈಸೂರು, ಮಂಡ್ಯ ಕಡೆಯಿಂದ ಇಷ್ಟೊಂದು ಕಾಗದ ಬರುತ್ತೆ ಅಂದ್ಕೊಂಡಿರಲಿಲ್ಲ, ನಿಜವಾಗ್ಲೂ ಖುಷಿಯಾಯ್ತು. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಕೊರಗು, ಹಡಗು ಹಡಗಿನ ಥರ ಹೋಗಲ್ಲ ಅಂತ. ನಮ್ಮ ಭಾನುವಾರದ ಗುಂಪಿನಲ್ಲಿ ವರ್ಷಗಟ್ಟಲೆ ಆಡಿ, ಕೆಲವು ನಿಯಮ ಎಸೆದು, ಕೆಲವು ಉಳಿಸ್ಕೊಂಡು ಕಲಿತಿದ್ದನ್ನ ಇಲ್ಲಿ ಹೇಳ್ತೀನಿ.

ಪ್ರಶ್ನೆ: ಸಾರ್, ನಾವು ನಾಲ್ಕು ಜನ ಸ್ನೇಹಿತ್ರು ಸೇರ್ಕೊಂಡು ನೆಪೋಲಿಯನ್ ಕಾಲದ ಹಡಗಿನ ಆಟ ಆಡ್ತೀವಿ. ಹಡಗು ಕಾರ್ ಓಡ್ಸಿದಂಗೆ ಓಡ್ತದೆ, ನಿಂತ ಜಾಗದಲ್ಲೇ ತಿರುಗ್ತದೆ, ಗಾಳಿ ತೋರಿಸೋ ಬಾಣ ಮೇಜಿನ ಮೂಲೇಲಿ ಸುಮ್ನೆ ಬಿದ್ದಿರ್ತದೆ. ನಮ್ ಕೈಲಿ ಆಗೋ ಅಂಥ ಮನೆ ನಿಯಮ ಹೇಳಿ, ತುಂಬಾ ಲೆಕ್ಕ ಬೇಡ.
- ಒಬ್ಬ ಓದುಗರು, ಮಂಡ್ಯ

ಉತ್ತರ: ಬಾಣ ಮೂಲೇಲಿ ಬಿದ್ದಿದೆ ಅಂದ್ರಲ್ಲ, ಅಲ್ಲೇ ಇದೆ ನೋಡಿ ಉತ್ತರ. ತುಂಬಾ ಜನ ಆಟ ನೈಜವಾಗ್ಲಿ ಅಂತ ಮೊದಲು ಫಿರಂಗಿ ನಿಯಮಕ್ಕೆ ಕೈ ಹಾಕ್ತಾರೆ, ಯಾವ ಗುಂಡು ಎಷ್ಟು ತೂಕ, ಎಷ್ಟು ದೂರ ಅಂತ ಪಟ್ಟಿ ಮೇಲೆ ಪಟ್ಟಿ ಮಾಡ್ತಾರೆ, ನಾವೂ ಮೊದಲೆರಡು ವರ್ಷ ಅದನ್ನೇ ಮಾಡಿದ್ವಿ, ಆಟ ಉದ್ದ ಆಯ್ತೇ ಹೊರತು ಹಡಗು ಹಡಗಾಗಲಿಲ್ಲ. ಗಾಳಿಯಿಂದ ಶುರು ಮಾಡಿ. ಗಾಳಿ ಸರಿ ಮಾಡಿದ್ರೆ ಮಿಕ್ಕಿದ್ದರಲ್ಲಿ ಅರ್ಧ ತಾನಾಗೇ ಸರಿಹೋಗುತ್ತೆ.

ಹಳೇ ನಾವಿಕರು ದಿಕ್ಕಿನ ಚಕ್ರಾನ 32 ಭಾಗ ಮಾಡ್ತಿದ್ರು, ಒಂದೊಂದು ಭಾಗಕ್ಕೆ ಪಾಯಿಂಟ್ ಅಂತ ಹೆಸರು, ಒಂದು ಪಾಯಿಂಟ್ ಅಂದ್ರೆ 11.25 ಡಿಗ್ರಿ. ಆ ಕಾಲದ ಯುದ್ಧ ಹಡಗಿಗೆ ಇದ್ದದ್ದು ಅಡ್ಡಮರಕ್ಕೆ ಕಟ್ಟಿದ ಚೌಕ ಹಾಯಿ, ಅದನ್ನ ಎಷ್ಟೇ ಎಳೆದು ಕಟ್ಟಿದ್ರೂ ಗಾಳಿ ಬರೋ ದಿಕ್ಕಿಗೆ ಸುಮಾರು 6 ಪಾಯಿಂಟ್‌ಗಿಂತ ಹತ್ತಿರ ಮೂತಿ ಇಡೋಕಾಗ್ತಿರಲಿಲ್ಲ. 6 ಪಾಯಿಂಟ್ ಅಂದ್ರೆ 67 ಡಿಗ್ರಿ ಚಿಲ್ಲರೆ. ಎಡಕ್ಕೊಂದು 6, ಬಲಕ್ಕೊಂದು 6, ಒಟ್ಟು 135 ಡಿಗ್ರಿ, ಸಮುದ್ರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆಗೆ ಹಡಗು ನೇರವಾಗಿ ಹೋಗೋ ಹಾಗೇ ಇಲ್ಲ! ಇದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಹಳೇ ಲಗ್ನಪತ್ರಿಕೆ ರಟ್ಟಿನಲ್ಲಿ ಈ ಕೋನದ ಒಂದು ತುಂಡು ಕತ್ತರಿಸಿ ಇಟ್ಕೊಳ್ಳಿ, ಅನುಮಾನ ಬಂದಾಗ ಹಡಗಿನ ಮೂತಿ ಹತ್ರ ಇಟ್ಟು ನೋಡಿದ್ರೆ ಮುಗೀತು, ವಾದ ಇಲ್ಲ.

ಆಮೇಲೆ ವೇಗ. ಗಾಳಿ ನೇರ ಬೆನ್ನಿಗೆ ಬಿದ್ರೆ ಹಡಗು ಅತಿ ವೇಗವಾಗಿ ಹೋಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ, ಹಂಗಲ್ಲ. ಗಾಳಿ ನೇರ ಹಿಂದಿನಿಂದ ಬಂದ್ರೆ ಹಿಂದಿನ ಹಾಯಿ ಮುಂದಿನ ಹಾಯಿಗೆ ಗಾಳಿ ಸಿಗದಂಗೆ ಮರೆ ಮಾಡುತ್ತೆ. ಹಿಂದಿನ ಮೂಲೆಯಿಂದ ಓರೆಯಾಗಿ ಬೀಸಿದ್ರೆ ಮೂರೂ ಮಾಸ್ಟಿನ (ಹಾಯಿ ಕಟ್ಟೋ ಎತ್ತರದ ಕಂಬ) ಹಾಯಿಗೆ ಗಾಳಿ ತುಂಬುತ್ತೆ, ಆಗ್ಲೇ ಹಡಗು ಚೆನ್ನಾಗಿ ಓಡೋದು. ಹಾಗಾಗಿ ಒಳ್ಳೇ ಗಾಳೀಲಿ ನಮ್ಮ ಮೇಜಿನ ಲೆಕ್ಕ ಹೀಗಿದೆ, ಗಾಳಿಗೆ ಒತ್ತಿ, ಅಂದ್ರೆ ಆ 6 ಪಾಯಿಂಟ್ ಅಂಚಿನಲ್ಲೇ ಹೋದ್ರೆ 3 ಇಂಚು, ಪಕ್ಕದ ಗಾಳಿಗೆ 5, ಓರೆ ಹಿಂಗಾಳಿಗೆ 6, ನೇರ ಹಿಂಗಾಳಿಗೆ ಮತ್ತೆ 5. ನಾಲ್ಕೇ ಅಂಕಿ, ಎರಡು ಸರದಿ ಆಡಿದ್ರೆ ಬಾಯಿಪಾಠ ಆಗುತ್ತೆ.

ತಿರುಗೋದು ಹೇಗೆ ಅಂದ್ರೆ, ನಿಂತಲ್ಲೇ ಗಿರಕಿ ಹೊಡೆಯೋದನ್ನ ಇವತ್ತಿಂದ ಬಂದ್ ಮಾಡಿ. ಚುಕ್ಕಾಣಿ ಕೆಲಸ ಮಾಡೋದು ನೀರು ಹರೀತಿದ್ರೆ ಮಾತ್ರ. 74 ಫಿರಂಗಿಯ ದೊಡ್ಡ ಹಡಗು ತನ್ನ ಉದ್ದದಷ್ಟು ಮುಂದೆ ಹೋದ ಮೇಲೆ 2 ಪಾಯಿಂಟ್ ತಿರುಗಬಹುದು, ಮತ್ತೆ ಅಷ್ಟೇ ಮುಂದೆ ಹೋಗಬೇಕು, ಮತ್ತೆ 2. ಫ್ರಿಗೇಟ್, ಅಂದ್ರೆ ಅದಕ್ಕಿಂತ ಚಿಕ್ಕ ಚುರುಕಾದ ಯುದ್ಧ ಹಡಗು ಆದ್ರೆ 3. ವೇಗಾನೂ ಒಂದೇ ಸಲಕ್ಕೆ ಏರಲ್ಲ ಇಳಿಯಲ್ಲ, ಸರದಿಗೆ 2 ಇಂಚಿನ ಮೇಲೆ ಬದಲಾಗೋ ಹಾಗಿಲ್ಲ. ಇಂಗ್ಲಿಷರ ಅಡ್ಮಿರಲ್ ನೆಲ್ಸನ್‌ನ ವಿಕ್ಟರಿ ಥರದ ಹಡಗಿನ ತೂಕ ಸುಮಾರು 3,500 ಟನ್, ಅದು ಬ್ರೇಕ್ ಒತ್ತಿದಂಗೆ ನಿಲ್ಲೋದೆಲ್ಲಿಂದ ಬಂತು ಹೇಳಿ.

ಈಗ ಬಹಳ ಮುಖ್ಯವಾದದ್ದಕ್ಕೆ ಬರ್ತೀನಿ. ಎದುರುಗಾಳಿ ಕಡೆ ಹೋಗಬೇಕಂದ್ರೆ ಹಾವಿನ ಥರ ಅಡ್ಡಡ್ಡ ಹೋಗಬೇಕು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳೋಕೆ ಎರಡು ದಾರಿ. ಮೂತೀನ ಗಾಳಿ ಮೂಲಕ ದಾಟಿಸಿದ್ರೆ ಟ್ಯಾಕ್, ಬೆನ್ನನ್ನ ಗಾಳಿ ಮೂಲಕ ದಾಟಿಸಿದ್ರೆ ವೇರ್. ಟ್ಯಾಕ್ ಮಾಡಿದ್ರೆ 12 ಪಾಯಿಂಟ್ ತಿರುಗಿದ್ರೆ ಸಾಕು, ವೇರ್ ಮಾಡಿದ್ರೆ ಸುತ್ತಿ ಬಳಸಿ 20 ಪಾಯಿಂಟ್ ತಿರುಗಬೇಕು, ಅಷ್ಟೊತ್ತಿಗೆ ಹಡಗು ಗಾಳಿ ಹೋಗೋ ಕಡೆ ಜಾರಿ ಕಷ್ಟಪಟ್ಟು ಗಳಿಸಿದ್ದನ್ನೆಲ್ಲ ಕಳ್ಕೊಂಡಿರುತ್ತೆ. ಆದ್ರೆ ಟ್ಯಾಕ್ ಕೈಕೊಡಬಹುದು. ಮೂತಿ ಗಾಳಿಗೆ ನೆಟ್ಟಗೆ ಬಂದು, ಹಾಯಿಗಳು ಹಿಂದಕ್ಕೆ ಮಾಸ್ಟಿಗೆ ಅಂಟ್ಕೊಂಡು, ಹಡಗು ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಅಂತ ಸಿಕ್ಕಾಕೊಳ್ಳುತ್ತೆ, ಶತ್ರು ಹತ್ರ ಇದ್ರೆ ಕತೆ ಮುಗೀತು. ನಮ್ಮ ನಿಯಮ ಹೀಗೆ: ಟ್ಯಾಕ್ ಅಂತ ಕೂಗೋಕೆ ಹಿಂದಿನ ಸರದೀಲಿ ಕನಿಷ್ಠ 3 ಇಂಚು ವೇಗ ಇರಬೇಕು, ಮೂತಿ ಗಾಳಿಗೆ ಬಂದ ಸರದೀಲಿ ಎರಡು ದಾಳ ಹಾಕಬೇಕು, ಒಟ್ಟು 6 ಅಥವಾ ಮೇಲೆ ಬಿದ್ರೆ ದಾಟಿದ ಹಾಗೆ. 36ರಲ್ಲಿ 26 ಸಲ ದಾಟುತ್ತೆ. ಅಲೆ ಜೋರಿದ್ರೆ 1 ಕಳೀಬೇಕು, ಮುಂದಿನ ಅಥವಾ ಹಿಂದಿನ ಮಾಸ್ಟಿಗೆ ಪೆಟ್ಟಾಗಿದ್ರೆ 2 ಕಳೀಬೇಕು. ಬೀಳಲಿಲ್ವಾ, ಆ ಸರದಿ ಹಡಗು 1 ಇಂಚು ಹಿಂದಕ್ಕೆ ಜಾರುತ್ತೆ, ಮುಂದಿನ ಸರದಿ ಮತ್ತೆ ದಾಳ. ವೇರ್‌ಗೆ ದಾಳವೇ ಬೇಡ.

ಇದನ್ನ ಸೇರಿಸಿದ ಮೊದಲ ದಿನ ನಮ್ಮ ಮೇಜಿನ ಮೇಲೆ ಏನಾಯ್ತು ಅಂತ ಇನ್ನೂ ಕಣ್ಮುಂದೆ ಇದೆ. ಅದುವರೆಗೂ ಪಟಪಟ ಅಂತ ಹಡಗು ತಳ್ತಾ ಇದ್ದ ಒಬ್ಬ ಗೆಳೆಯರು ದಾಳ ಕೈಲಿ ಹಿಡ್ಕೊಂಡು ಪೂರ್ತಿ ಎರಡು ನಿಮಿಷ ಕೂತುಬಿಟ್ರು, ಟ್ಯಾಕ್ ಮಾಡ್ಲಾ ವೇರ್ ಮಾಡ್ಲಾ ಅಂತ, ಪಕ್ಕದಲ್ಲಿದ್ದ ಕಾಫಿ ಆರಿಹೋಯ್ತು. ಆವತ್ತು ಅವರು ಕ್ಯಾಪ್ಟನ್ ಥರ ಯೋಚನೆ ಮಾಡಿದ್ರು. ಮನೆ ನಿಯಮ ಅಂದ್ರೆ ಹಂಗೆ ಕೂರಿಸಬೇಕು.

ಇನ್ನೊಂದು ಚಿಕ್ಕದು, ಜಾರೋದು. ಪಕ್ಕದ ಶ್ರೀರಂಗಪಟ್ಟಣದಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿದ್ರೆ ನಿಮಗೆ ಗೊತ್ತಿರುತ್ತೆ, ಎದುರು ದಡದ ಮೆಟ್ಟಿಲಿಗೆ ಹೋಗಬೇಕಾದ್ರೆ ಹುಟ್ಟು ಹಾಕೋರು ಮೆಟ್ಟಿಲಿಗಿಂತ ಎಷ್ಟೋ ಮೇಲಕ್ಕೆ ಗುರಿ ಇಡ್ತಾರೆ, ನೀರು ಕೆಳಗೆ ತಳ್ತಾ ಇರುತ್ತಲ್ಲ. ಗಾಳಿಗೆ ಒತ್ತಿ ಹೋಗೋ ಹಡಗೂ ಹಂಗೇನೇ, ಮೂತಿ ಒಂದು ಕಡೆ, ಹೋಗೋದು ಚೂರು ಇನ್ನೊಂದು ಕಡೆ. ಪ್ರತಿ ಸರದಿ ಕೊನೇಲಿ ಅರ್ಧ ಇಂಚು ಗಾಳಿ ಹೋಗೋ ಕಡೆ ಸರಿಸಿ, ವೇಗ 2ಕ್ಕಿಂತ ಕಮ್ಮಿ ಇದ್ರೆ 1 ಇಂಚು. ಸಣ್ಣದು ಅನ್ಸುತ್ತೆ, ಹತ್ತು ಸರದಿ ಆದ್ಮೇಲೆ ಬಂಡೆ ಪಕ್ಕ ನಿಂತಾಗ ಗೊತ್ತಾಗುತ್ತೆ.

ಪ್ರಶ್ನೆ: ನಾನು ನನ್ನ ಮಗ ಇಬ್ಬರೇ ಆಡೋದು, ಊಟದ ಮೇಜು 6 ಅಡಿಗೆ 4 ಅಡಿ ಇದೆ. ಒಂದು ಸರದಿ ಅಂದ್ರೆ ಎಷ್ಟು ಹೊತ್ತು, ಒಂದು ಇಂಚು ಅಂದ್ರೆ ಎಷ್ಟು ದೂರ ಅಂತ ಮಗ ಕೇಳ್ತಾನೆ, ನನಗೆ ಹೇಳೋಕೆ ಬರಲ್ಲ. ಸುಮ್ನೆ ಅಂದಾಜಿಗೆ ಆಡೋದಾ?
- ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಅಂದಾಜಿಗೆ ಬೇಡಮ್ಮ, ನಿಮ್ಮ ಮಗ ಕೇಳಿರೋ ಪ್ರಶ್ನೆ ತುಂಬಾ ಚೆನ್ನಾಗಿದೆ, ಇದಕ್ಕೆ ಮುದ್ದಾದ ಲೆಕ್ಕ ಇದೆ. ನಿಮ್ಮ ಹಡಗು 1:1200 ಅಳತೇದು, ಅಂದ್ರೆ ನಿಜವಾದ ಹಡಗಿನ 1200ರಲ್ಲಿ ಒಂದು ಪಾಲು ಉದ್ದದ್ದು ಅಂದ್ಕೊಳ್ಳಿ, ತುಂಬಾ ಜನ ಬಳಸೋದು ಅದನ್ನೇ. ನಾಟ್ ಅಂದ್ರೆ ಹಡಗಿನ ವೇಗದ ಅಳತೆ, ಒಂದು ನಾಟ್ ವೇಗದಲ್ಲಿ ಹೋಗೋ ಹಡಗು ಒಂದು ನಿಮಿಷಕ್ಕೆ ಸುಮಾರು 31 ಮೀಟರ್ ಹೋಗುತ್ತೆ. ಅದನ್ನ 1200ರಿಂದ ಭಾಗಿಸಿ, 2.6 ಸೆಂಟಿಮೀಟರ್ ಬರುತ್ತೆ, ಅಂದ್ರೆ ಸರಿಸುಮಾರು ಒಂದು ಇಂಚು! ಒಂದು ಸರದಿ ಒಂದು ನಿಮಿಷ ಅಂತ ಇಟ್ಕೊಂಡ್ರೆ 5 ನಾಟ್ ವೇಗ ಅಂದ್ರೆ ಮೇಜಿನ ಮೇಲೆ 5 ಇಂಚು, ಬೇರೆ ಪಟ್ಟಿ ಬೇಡವೇ ಬೇಡ. ದೂರಾನೂ ಅಷ್ಟೇ ಸಲೀಸು, 100 ಗಜಕ್ಕೆ ಸರಿಯಾಗಿ 3 ಇಂಚು. ನಿಮ್ಮ ಮೇಜು 2400 ಗಜ ಉದ್ದ 1600 ಗಜ ಅಗಲದ ಸಮುದ್ರ. ವಿಕ್ಟರಿಯ ಫಿರಂಗಿ ಮಹಡಿ ಉದ್ದ 186 ಅಡಿ, ಅದು ಮೇಜಿನ ಮೇಲೆ 2 ಇಂಚಿಗೆ ಚೂರು ಕಮ್ಮಿ. ಚೆನ್ನಾಗಿ ಪಳಗಿದ ಸಿಬ್ಬಂದಿ ಸುಮಾರು ಒಂದೂವರೆ ಎರಡು ನಿಮಿಷಕ್ಕೊಂದು ಸುತ್ತು ಗುಂಡು ಹಾರಿಸ್ತಿದ್ರು, ಹಾಗಾಗಿ ಎರಡು ಸರದಿಗೆ ಒಂದು ಸಲ ಫಿರಂಗಿ ಅಂತ ಇಟ್ಕೊಳ್ಳಿ.

ಒಂದು ಎಚ್ಚರಿಕೆ, ಶತ್ರುವನ್ನ ಮೇಜಿನ ಆ ತುದೀಲಿ ಇಟ್ಟು ಶುರು ಮಾಡಬೇಡಿ, ಮಗುವಿಗೆ ಬೇಜಾರಾಗುತ್ತೆ. 1805ರ ಅಕ್ಟೋಬರ್ 21ರಂದು ಸ್ಪೇನ್ ಕರಾವಳಿಯ ಟ್ರಫಾಲ್ಗರ್‌ನಲ್ಲಿ ಬೆಳಗಿನ ಜಾವ ಇಂಗ್ಲಿಷರ ಪಡೆ, ಫ್ರೆಂಚ್-ಸ್ಪೇನ್ ಪಡೆ ಎರಡೂ ಒಬ್ಬರಿಗೊಬ್ಬರು ಕಂಡ್ರು, ಗುಂಡು ಹಾರಿದ್ದು ಮಧ್ಯಾಹ್ನದ ಹೊತ್ತಿಗೆ. ಗಾಳಿ ಅಷ್ಟು ಮೆತ್ತಗಿತ್ತು, ನೆಲ್ಸನ್‌ನ ಹಡಗುಗಳು ಎರಡು ಮೂರು ನಾಟ್ ವೇಗದಲ್ಲಿ, ಮನುಷ್ಯ ನಡೆಯೋ ವೇಗ ಅನ್ನಿ, ತೆವಳ್ಕೊಂಡು ಹೋದ್ವು. ಒಂದು ನಿಮಿಷದ ಸರದೀಲಿ ಅದನ್ನ ಆಡೋಕೆ ಕೂತ್ರೆ 300ಕ್ಕೂ ಹೆಚ್ಚು ಸರದಿ ಬೇಕು. 20 ಇಂಚು ದೂರದಿಂದ ಶುರು ಮಾಡಿ, ಸರಿಹೋಗುತ್ತೆ.

ಪ್ರಶ್ನೆ: ಗಾಳಿ ಆಟದ ನಡುವೆ ತಿರುಗೋ ನಿಯಮ ನಮ್ಮಲ್ಲಿದೆ, ಆದ್ರೆ ಆಡೋರು ಇದು ಮೋಸ, ಯುದ್ಧದ ನಡುವೆ ಹಂಗೆಲ್ಲ ಗಾಳಿ ತಿರುಗಲ್ಲ ಅಂತ ಜಗಳಕ್ಕೆ ಬರ್ತಾರೆ. ಚರಿತ್ರೇಲಿ ಹಂಗೆ ಆಗಿದ್ದಿದೆಯಾ?
- ಒಬ್ಬ ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗಿದ್ದಿದೆ, ಅದೂ ನಿಮ್ಮ ಊರಿನ ಚರಿತ್ರೆಗೆ ತಗಲಿಕೊಂಡಿರೋ ಯುದ್ಧದಲ್ಲೇ. 1782ರಲ್ಲಿ ಹೈದರಾಲಿ ಇಂಗ್ಲಿಷರ ಮೇಲೆ ದಂಡೆತ್ತಿ ಕೋರಮಂಡಲ ಕಡೆ ಇದ್ದಾಗ, ಅವನ ಮಿತ್ರರಾದ ಫ್ರೆಂಚರ ನೌಕಾಪಡೆ ಸಮುದ್ರದಲ್ಲಿತ್ತು. ಆ ಪಡೆಯ ನಾಯಕ ಸಫ್ರೆನ್, ಎದುರಿಗೆ ಇಂಗ್ಲಿಷರ ಅಡ್ಮಿರಲ್ ಹ್ಯೂಸ್. ಇಬ್ಬರೂ 1782-83ರಲ್ಲಿ ಐದು ಸಲ ಕಾದಾಡಿದ್ರು, ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ಟ್ರಿಂಕಾಮಲಿ, ಕಡಲೂರು. ಅದರಲ್ಲಿ ಮೂರನೇದು, 1782ರ ಜುಲೈ 6ರ ನಾಗಪಟ್ಟಣದ ಯುದ್ಧ. ಎರಡೂ ಕಡೆ 11-11 ಹಡಗು ಸಾಲಾಗಿ ನಿಂತು ಬಡಿದಾಡ್ತಿದ್ವು, ಗಾಳಿ ನೈಋತ್ಯದಿಂದ, ಮೇಲ್ಗಾಳಿ, ಅಂದ್ರೆ ಗಾಳಿ ಬರೋ ಕಡೆಯ ಜಾಗ, ಹ್ಯೂಸ್ ಕೈಲಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ಇದ್ದಕ್ಕಿದ್ದಂಗೆ ತಿರುಗಿ ಆಗ್ನೇಯದ ಕಡೆಯಿಂದ ಬೀಸ್ತು, ಹಾಯಿಗಳು ಉಲ್ಟಾ ಹೊಡೆದು, ಕೆಲವು ಹಡಗು ಆ ಕಡೆ ಮೂತಿ ಮಾಡಿದ್ವು, ಕೆಲವು ಈ ಕಡೆ, ಎರಡು ಸಾಲೂ ಚೆಲ್ಲಾಪಿಲ್ಲಿ. ಯಾರೂ ಗೆಲ್ಲಲಿಲ್ಲ. ಅದೇ ಜುಲೈ ಕೊನೇಲಿ ಸಫ್ರೆನ್ ಕಡಲೂರಿನಲ್ಲಿ ಹೈದರನನ್ನ ಭೇಟಿ ಮಾಡ್ದ. ಕಾವೇರಿ ದಂಡೇಲಿ ಕೂತು ಆಳಿದ ದೊರೆಯ ಯುದ್ಧದ ಒಂದು ಮಧ್ಯಾಹ್ನ ಹಂಗೆ ಬರೀ ಗಾಳಿ ಕೈಲಿತ್ತು, ಇದನ್ನ ನಿಮ್ಮ ಮೇಜಿನವರಿಗೆ ಹೇಳಿ, ಮೋಸ ಅನ್ನೋ ಮಾತು ಮತ್ತೆ ಬರಲ್ಲ. ನಮ್ಮ ಗುಂಪಿಗಂತೂ ಟ್ರಫಾಲ್ಗರ್‌ಗಿಂತ ಈ ಐದು ಯುದ್ಧಗಳೇ ಹತ್ರ, ಇವನ್ನ ಆಡೋರು ಇಲ್ಲಿ ಇನ್ನೂ ಜಾಸ್ತಿ ಆಗಬೇಕು ಅಂತ ನನಗೆ ತುಂಬಾ ಆಸೆ.

ಆದ್ರೆ ಪ್ರತಿ ಸರದಿ ದಾಳ ಹಾಕಿ ಗಾಳಿ ತಿರುಗಿಸಿದ್ರೆ ಅದೂ ಸುಳ್ಳೇ, ಗಾಳಿ ಕುಣಿಯೋ ಕೋತಿ ಅಲ್ಲ. ನಾವು ಇದಕ್ಕೆ ಚೌಕಾಬಾರದ ಕವಡೆ ತಂದ್ವಿ. ನಾಲ್ಕು ಕವಡೆ, ಪ್ರತಿ ಸರದಿ ಶುರುವಲ್ಲಿ ಒಂದೇ ಎಸೆತ. ನಾಲ್ಕೂ ಅಂಗಾತ ಬಿದ್ದು ಚೌಕ ಆದ್ರೆ ಗಾಳಿ 2 ಪಾಯಿಂಟ್ ಬಲಸುತ್ತು, ನಾಲ್ಕೂ ಬೋರಲು ಬಿದ್ದು ಬಾರ ಆದ್ರೆ 2 ಪಾಯಿಂಟ್ ಎಡಸುತ್ತು, ಮಿಕ್ಕ ಏನು ಬಿದ್ರೂ ಗಾಳಿ ಇದ್ದಂಗೇ. ಕವಡೆ ಎರಡೂ ಮಗ್ಗುಲಿಗೆ ಸಮ ಬೀಳುತ್ತೆ ಅಂತ ಲೆಕ್ಕ ಹಾಕಿದ್ರೆ ಎಂಟು ಸರದಿಗೊಂದು ಸಲ ತಿರುಗುತ್ತೆ, ನಿಜವಾದ ಕವಡೆ ಒಂದು ಕಡೆಗೆ ವಾಲ್ಕೊಂಡೇ ಬೀಳೋದು, ಅದಕ್ಕೇ ನಿಮ್ಮ ಕವಡೇನ ಮೊದಲು ನೂರು ಸಲ ಎಸೆದು ಬರೆದಿಟ್ಕೊಳ್ಳಿ. ನಮ್ಮದು ಬಾರಕ್ಕಿಂತ ಚೌಕ ಜಾಸ್ತಿ ಕೊಡುತ್ತೆ, ಹಾಗಾಗಿ ನಮ್ಮ ಮೇಜಿನ ಗಾಳಿ ಬಲಸುತ್ತಿಗೇ ಎಳೆಯುತ್ತೆ, ಅದೂ ಚೆನ್ನಾಗೇ ಇದೆ, ಒಂದೊಂದು ಕರಾವಳಿ ಗಾಳಿಗೂ ಅದರದೇ ಅಭ್ಯಾಸ ಇರುತ್ತಲ್ಲ. ನಾಗಪಟ್ಟಣಾನೇ ಆಡೋದಾದ್ರೆ ಕವಡೆ ಬೇಡ, ಆಡದೇ ಇರೋ ಒಬ್ಬರ ಹತ್ರ 8ರಿಂದ 12ರೊಳಗೆ ಒಂದು ಸರದಿ ಸಂಖ್ಯೆ ಚೀಟೀಲಿ ಬರೆಸಿ ಮಡಚಿ ಇಡಿ, ಆ ಸರದಿ ಬಂದಾಗ ಅವರು ಎದ್ದು ಬಂದು ಬಾಣಾನ 6 ಪಾಯಿಂಟ್ ತಿರುಗಿಸಲಿ.

ಪ್ರಶ್ನೆ: ಗಾಳಿ ಬರೋ ಕಡೆ ಇರೋ ಪಡೆಗೇ ಲಾಭ ಅಂತ ಎಲ್ಲ ಕಡೆ ಓದ್ತೀನಿ. ಹಂಗಾದ್ರೆ ಫ್ರೆಂಚರು ಯಾಕೆ ಎಷ್ಟೋ ಸಲ ಬೇಕು ಬೇಕು ಅಂತ ಕೆಳಗಾಳಿ ಕಡೆ ನಿಲ್ತಿದ್ರು?
- ಒಬ್ಬ ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಎರಡೂ ಕಡೆ ಲಾಭ ಇತ್ತು, ಅದಕ್ಕೇ. ಮೇಲ್ಗಾಳಿ ಇದ್ದೋನು ಯಾವಾಗ ಹೊಡೆದಾಡಬೇಕು ಅಂತ ತೀರ್ಮಾನ ಮಾಡ್ತಾನೆ, ಅವನ ಹೊಗೆ ಶತ್ರು ಮುಖಕ್ಕೆ ಹೋಗುತ್ತೆ. ಕೆಳಗಾಳೀಲಿ ಇದ್ದೋನು ಸಾಕಾದಾಗ ತಿರುಗಿ ಹೋಗಬಹುದು, ಪೆಟ್ಟು ತಿಂದ ಹಡಗು ತನ್ನ ಸಾಲಿನ ಹಿಂದಕ್ಕೆ ಜಾರಿ ಬಚಾವಾಗುತ್ತೆ. ಇಷ್ಟು ಎಲ್ಲರೂ ಬರೀತಾರೆ. ಆಟದಲ್ಲಿ ಬಿಟ್ಟುಹೋಗೋದು ಹಡಗು ವಾಲೋದು.

ಪಕ್ಕದಿಂದ ಜೋರು ಗಾಳಿ ಹೊಡೆದ್ರೆ ಹಡಗು ಗಾಳಿ ಹೋಗೋ ಕಡೆ ವಾಲುತ್ತೆ. ಮೇಲ್ಗಾಳಿ ಹಡಗಿಗೆ ಶತ್ರು ಇರೋದು ಅದೇ ಮಗ್ಗುಲಲ್ಲಿ, ಅಲ್ಲಿನ ಕೆಳಮಹಡಿ ಫಿರಂಗಿ ಕಿಂಡಿ ನೀರಿಗೆ ಹತ್ರ ಬರುತ್ತೆ, ತೆಗೆಯೋ ಹಾಗಿಲ್ಲ. ದೊಡ್ಡ ಫಿರಂಗಿ ಇರೋದೇ ಅಲ್ಲಿ. ಇಂಗ್ಲಿಷರ ಸಾಮಾನ್ಯ 74ರ ಹಡಗಿನಲ್ಲಿ ಕೆಳಮಹಡೀಲಿ ಒಂದು ಮಗ್ಗುಲಿಗೆ 32 ಪೌಂಡ್ ಗುಂಡಿನ ಫಿರಂಗಿ 14, ಅಂದ್ರೆ 448 ಪೌಂಡ್, ಆ ಮಗ್ಗುಲ ಒಟ್ಟು ಗುಂಡಿನ ತೂಕ ಸುಮಾರು 781. ಕಿಂಡಿ ಮುಚ್ಚಿದ್ರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಹೋಯ್ತು! 1759ರ ನವೆಂಬರ್ 20ರಂದು ಕ್ವಿಬರಾನ್ ಕೊಲ್ಲಿಯ ಬಿರುಗಾಳೀಲಿ ಫ್ರೆಂಚರ ತೆಸೆ ಅನ್ನೋ ಹಡಗು ಕೆಳಗಿನ ಕಿಂಡಿ ತೆಗೆದು ಕಾದಾಡ್ತಾ ಇದ್ದಾಗ ನೀರು ನುಗ್ಗಿ ಮುಳುಗ್ತು, 600ಕ್ಕೂ ಹೆಚ್ಚು ಜನ ಇದ್ರು, ಉಳಿದೋರು ತೀರಾ ಕಮ್ಮಿ. ಹಾಗಾಗಿ ನಿಯಮ: ಗಾಳಿ ಜೋರಿದೆ ಅಂತ ಆಟದ ಶುರುವಲ್ಲೇ ಗೊತ್ತಾಗಿದ್ದು, ಪಕ್ಕದ ಗಾಳಿ ಅಥವಾ ಒತ್ತುಗಾಳೀಲಿ ಹೋಗ್ತಿದ್ರೆ, ಕೆಳಗಾಳಿ ಮಗ್ಗುಲಿನ ಗುಂಡಿನ ಶಕ್ತಿ ಅರ್ಧ. ಬೇಡ, ಪೂರ್ತಿ ಬೇಕು ಅಂದ್ರೆ ಎರಡು ದಾಳ ಹಾಕ್ಲಿ, 2 ಬಿದ್ರೆ ನೀರು ನುಗ್ಗಿದ ಹಾಗೆ.

ಹೊಗೆಗೆ ಹತ್ತಿ ಇಡಿ. ಗುಂಡು ಹಾರಿಸಿದ ಹಡಗಿನ ಕೆಳಗಾಳಿ ಪಕ್ಕ ಒಂದು ಚೂರು ಹತ್ತಿ, ಮುಂದಿನ ಸರದಿ ಅದು 3 ಇಂಚು ಗಾಳಿ ಜೊತೆ ಹೋಗುತ್ತೆ, ಅದರ ಮೂಲಕ ಹೊಡೆಯೋರಿಗೆ ದಾಳದಲ್ಲಿ 1 ಕಮ್ಮಿ. ಫ್ಯಾನ್ ಆಫ್ ಮಾಡ್ಕೊಂಡು ಆಡಿ.

ಪ್ರಶ್ನೆ: ಎಲ್ಲರೂ ಚಲನೆ ಮೊದಲೇ ಚೀಟೀಲಿ ಬರೆದು ಒಟ್ಟಿಗೆ ಆಡಬೇಕಾ, ಇಲ್ಲ ಒಬ್ಬರಾದ ಮೇಲೆ ಒಬ್ಬರಾ? ನಮ್ಮನೇಲಿ ಅಣ್ಣ ತಮ್ಮ ಇದಕ್ಕೇ ಮಾತು ಬಿಟ್ಟಿದ್ದಾರೆ.
- ಒಬ್ಬ ಓದುಗರು, ಮದ್ದೂರು

ಉತ್ತರ: ಬರೆದೇ ಆಡಿ. ಒಬ್ಬರಾದ ಮೇಲೆ ಒಬ್ಬರು ಆಡಿದ್ರೆ ಎರಡನೆಯವರು ಮೊದಲನೆಯವರನ್ನ ನೋಡ್ಕೊಂಡು ಆಡ್ತಾರೆ, ಸಮುದ್ರದಲ್ಲಿ ಶತ್ರು ನಿಮಗೋಸ್ಕರ ನಿಂತಿರಲ್ಲ. ಬರೆಯೋದೂ ಸುಲಭ ಮಾಡ್ಕೊಳ್ಳಿ, "2 ಬ 2" ಅಂದ್ರೆ ಎರಡು ಇಂಚು ನೇರ, ಬಲಕ್ಕೆ ತಿರುಗು, ಮತ್ತೆರಡು ಇಂಚು. ಎಡಕ್ಕೆ "ಎ". ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ಹಡಗು ಕೊಡಬೇಡಿ, ಬರೆಯೋಕೆ ಬೇಜಾರಾಗಿ ಜಗಳ ಶುರುವಾಗೋದೇ ಅಲ್ಲಿಂದ. ಎರಡು ಹಡಗು ಒಂದೇ ಜಾಗಕ್ಕೆ ಬಂದ್ರೆ ಎರಡೂ ನಿಲ್ಲುತ್ವೆ, ಹಗ್ಗ ಸಿಕ್ಕಾಕೊಂಡಿವೆ ಅಂತ ಲೆಕ್ಕ, ಬಿಡಿಸ್ಕೊಳ್ಳೋಕೆ ದಾಳದಲ್ಲಿ 5 ಅಥವಾ 6 ಬೀಳಬೇಕು.

ಪ್ರಶ್ನೆ: ನನಗೆ 13 ವರ್ಷ. ನಮ್ಮ ಆಟದಲ್ಲಿ ಮಾಸ್ಟ್ ಬಿದ್ರೆ ವೇಗ ಕಮ್ಮಿ ಆಗುತ್ತೆ ಅಷ್ಟೇ. ಯಾವ ಮಾಸ್ಟ್ ಬಿದ್ರೂ ಒಂದೇನಾ ಅಂಕಲ್?
- ಒಬ್ಬ ಓದುಗ, ಪಾಂಡವಪುರ

ಉತ್ತರ: ಒಂದೇ ಅಲ್ಲ ಪುಟ್ಟ, ಇದನ್ನ ಕೇಳಿದ್ದಕ್ಕೆ ನಿನಗೆ ಶಭಾಷ್. ಆಷಾಢದಲ್ಲಿ ಗಾಳಿಪಟ ಹಾರಿಸ್ತೀಯಲ್ವಾ, ಸೂತ್ರ ಸರಿಯಾದ ಜಾಗದಲ್ಲಿ ಕಟ್ಟದೇ ಇದ್ರೆ ಪಟ ಒಂದೇ ಕಡೆ ಗೋತಾ ಹೊಡೆಯುತ್ತೆ. ಹಡಗೂ ಹಂಗೇ, ಮುಂದಿನ ಹಾಯಿ ಮೂತೀನ ಗಾಳಿಯಿಂದ ಆಚೆಗೆ ತಳ್ಳುತ್ತೆ, ಹಿಂದಿನ ಹಾಯಿ ಬಾಲಾನ ತಳ್ಳಿ ಮೂತೀನ ಗಾಳಿ ಕಡೆಗೆ ತರುತ್ತೆ, ಎರಡೂ ಇದ್ರೇನೇ ಸಮ. ಮುಂದಿನ ಮಾಸ್ಟ್ ಬಿತ್ತು ಅಂದ್ರೆ ಹಡಗು ಗಾಳಿ ಕಡೆಗೇ ಎಳೆಯುತ್ತೆ, ಅದಕ್ಕೆ ನಿನ್ನ ಆಟದಲ್ಲಿ ಪ್ರತಿ ಸರದಿ ಕೊನೇಲಿ 1 ಪಾಯಿಂಟ್ ಗಾಳಿ ಕಡೆಗೆ ತಿರುಗಿಸು. ಹಿಂದಿನದು ಬಿದ್ರೆ 1 ಪಾಯಿಂಟ್ ಗಾಳಿಯಿಂದ ಆಚೆಗೆ, ಟ್ಯಾಕ್ ಮಾಡೋಕೇ ಬಿಡಬೇಡ, ವೇರ್ ಮಾತ್ರ. ನಡುವಿನದು ಬಿದ್ರೆ ವೇಗ ಅರ್ಧ.

ಇನ್ನೊಂದು ವಿಷಯ ಇದೆ. ಬಿದ್ದ ಮಾಸ್ಟ್ ಸುಮ್ನೆ ಮಾಯ ಆಗಲ್ಲ, ಹಾಯಿ ಹಗ್ಗ ಎಲ್ಲ ಸಮೇತ ಹಡಗಿನ ಪಕ್ಕದಲ್ಲೇ ನೀರಿನಲ್ಲಿ ನೇತಾಡ್ತಾ ಇರುತ್ತೆ, ನೀರು ಅದನ್ನ ಎಳೀತಾ ಇರುತ್ತೆ. ಒಂದು ಬೆಂಕಿಕಡ್ಡಿ ತಗೊಂಡು ಹಡಗಿನ ಪಕ್ಕ ಇಡು. ಕಡ್ಡಿ ಇರೋವರೆಗೂ ಹಡಗು ಆ ಕಡೆಗೇ ಎಳೆಯುತ್ತೆ, ಆ ಮಗ್ಗುಲಿನ ಫಿರಂಗಿ ಹಾರಿಸಿದ್ರೆ ಹಾಯಿಗೆ ಬೆಂಕಿ ಹತ್ತೋ ಭಯ, ಒಂದು ದಾಳ ಹಾಕಿ 1 ಬಿದ್ರೆ ಹತ್ತಿದ ಹಾಗೆ. ನಾವಿಕರು ಕೊಡಲಿ ಹಿಡ್ಕೊಂಡು ಹಗ್ಗ ಎಲ್ಲ ಕಡೀಬೇಕು, ಅದಕ್ಕೆ ಎರಡು ಸರದಿ, ಆ ಎರಡು ಸರದಿ ಅವರು ಗುಂಡು ಹಾರಿಸೋಕಾಗಲ್ಲ. ಕಡಿದಾದ ಮೇಲೆ ಕಡ್ಡೀನ ಹಡಗಿನ ಪಕ್ಕದಿಂದ ತೆಗೆದು ನೀರಲ್ಲೇ ಬಿಡು, ಸರದಿಗೆ ಅರ್ಧ ಇಂಚು ಗಾಳಿ ಜೊತೆ ತೇಲ್ಕೊಂಡು ಹೋಗ್ಲಿ.